ಎರಡು ಕಾಲಿನ ಊಟದ ಮೇಜು

ನಾನು ಒಂದು ಊಟದ ಮೇಜು. ಬರೀ ಮೇಜು ಎಂದರೆ ಒಂದು ಕಾಲದಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಹತ್ತು ಕುರ್ಚಿಯ ಮೇಜು ಎಂದು ಪೂರ್ತಿ ಹೇಳಬೇಕಿತ್ತು. ಈಗ ನನಗಿರುವುದು ಎರಡೇ ಕಾಲು, ಪಕ್ಕದಲ್ಲಿ ಮೂರು ಕುರ್ಚಿ, ಎರಡು ಹಳೆಯವು, ಒಂದು ಎಲ್ಲಿಂದಲೋ ಬಂದದ್ದು. ಆದರೂ ಜಂಬ ಪೂರ್ತಿ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಹೊಸಪೇಟೆಯಲ್ಲಿ, ಅದಿರಿನ ಕಾಲದಲ್ಲಿ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಸಾಲುಗಟ್ಟಿ ಬರುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ಆ ಕೆಂಪು ಧೂಳಿನಲ್ಲಿ ತುಂಬ ಜನ ಎದ್ದು ನಿಂತರು. ನನ್ನ ಯಜಮಾನ ಕೊಟ್ರಪ್ಪ ಅವರಲ್ಲಿ ಒಬ್ಬ. ಬೇರೆಯವರ ಲಾರಿ ಓಡಿಸುತ್ತಿದ್ದವನು ಒಂದು ಟಿಪ್ಪರ್ ಕೊಂಡ, ಆಮೇಲೆ ಇನ್ನೊಂದು, ಕೊನೆಗೆ ನಾಲ್ಕರ ಮಾಲೀಕನಾದ. ದೊಡ್ಡ ಮನೆ ಕಟ್ಟಿಸಲು ಶುರು ಮಾಡಿದ. ಗೋಡೆ ಏಳುವಾಗಲೇ ಬಡಿಗ ಮೌನೇಶಪ್ಪನನ್ನು ಕರೆಸಿ, ತೇಗದಲ್ಲಿ ನನ್ನನ್ನು ಮಾಡಲು ಹೇಳಿದ.

ಕೊಟ್ರಪ್ಪನ ಹೆಂಡತಿ ಹಾಲಮ್ಮ ಅಳತೆ ಕೇಳಿ ನಕ್ಕುಬಿಟ್ಟಳು.

"ನಾವಿರಾದು ನಾಕು ಮಂದಿ. ಉಳಿದ ಕುರ್ಚಿಗೆ ಮಂದೀನ ಬಾಡಿಗಿಗೆ ತರತೀರೇನು?"

"ನಗಬ್ಯಾಡ," ಎಂದ ಕೊಟ್ರಪ್ಪ. "ಲಾರಿ ನೆಳ್ಳಾಗ ಕುಂತು, ಟೈರಿಗೆ ಬೆನ್ನು ಹಚ್ಚಿ ಉಂಡಾಂವ ನಾನು. ನನ್ನ ಮನ್ಯಾಗ ಹತ್ತು ಮಂದಿ ಒಮ್ಮೆಗೇ ಕುಂತು ಉಣ್ಣಬೇಕು."

ಆ ಮಾತು ಕೇಳಿದ ಮೇಲೆ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಅದು ಇವತ್ತಿಗೂ ಕಡಿಮೆಯಾಗಿಲ್ಲ.

ಮೌನೇಶಪ್ಪ ನನ್ನನ್ನು ನಡುಮನೆಯೊಳಗೇ ಕೂತು ಮಾಡಿದ. ಬಾಗಿಲ ಚೌಕಟ್ಟು ಇನ್ನೂ ಕೂರಿಸಿರಲಿಲ್ಲ. ನನಗೆ ಮೆರುಗು ಹಚ್ಚಿ ಮುಗಿದ ಮೇಲೆ ಬಾಗಿಲು ಬಂತು. ಮುಂದೆ ಈ ಮೇಜು ಹೊರಗೆ ಹೋಗುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಅದಿರಿನ ಕಾಲದಲ್ಲಿ ಒಳಗೆ ಬಂದದ್ದು ಮತ್ತೆ ಹೊರಗೆ ಹೋಗುತ್ತದೆ ಎಂದು ಯಾರಿಗೆ ತಾನೇ ಅನಿಸುತ್ತಿತ್ತು!

ಗೃಹಪ್ರವೇಶದ ದಿನ ನನ್ನ ಮೇಲೆ ಊಟವಾಯಿತು. ಆಮೇಲೆ ಯಾರೂ ಬರಲಿಲ್ಲ. ಕೊಟ್ರಪ್ಪನ ತಾಯಿ ನೀಲಮ್ಮ ಅಡುಗೆಮನೆಯ ನೆಲದ ಮೇಲೆಯೇ ಉಣ್ಣುತ್ತಿದ್ದಳು. ಮಗಳು ಅಕ್ಷತಾ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಿದ್ದಳು. ಹಾಲಮ್ಮ ಒಲೆಯ ಹತ್ತಿರ ನಿಂತೇ ಎರಡು ತುತ್ತು ನುಂಗುತ್ತಿದ್ದಳು. ಕೊಟ್ರಪ್ಪನಂತೂ ಲಾರಿ ಆಫೀಸಿನಲ್ಲಿ, ಕಿವಿಗೆ ಫೋನು, ಕೈಯಲ್ಲಿ ಇನ್ಯಾರೋ ತಂದುಕೊಟ್ಟ ಪೊಟ್ಟಣ. ನನ್ನ ಮೇಲೆ ಉಪ್ಪಿನಕಾಯಿ ಭರಣಿ, ಹಳೆಯ ಪೇಪರು, ಮದುವೆ ಕಾರ್ಡು, ಬೀಗದ ಕೈ, ಇಸ್ತ್ರಿಯಾಗಬೇಕಾದ ಬಟ್ಟೆ. ಕೆಳಗಿನಿಂದ ನಾನು ಕಾಣುತ್ತಿದ್ದುದು ಅವಸರದಲ್ಲಿ ಹಾದುಹೋಗುವ ಪಾದಗಳನ್ನು ಮಾತ್ರ. ಯಾರದೂ ನನ್ನ ಹತ್ತಿರ ನಿಲ್ಲುತ್ತಿರಲಿಲ್ಲ.

ಒಂದು ದಿನ ಕೋರ್ಟಿನ ಆದೇಶ ಬಂದು ಗಣಿಗಳಿಗೆ ಬೀಗ ಬಿತ್ತು. ಫೋನುಗಳು ಸುಮ್ಮನಾದವು. ಟಿಪ್ಪರುಗಳು ಅಂಗಳದಲ್ಲೇ ನಿಂತವು, ಟೈರುಗಳ ನಡುವೆ ಹುಲ್ಲು ಎದ್ದಿತು. ಮೊದಲ ತಿಂಗಳು ಕೊಟ್ರಪ್ಪ, "ಇನ್ನೇನು ತೆರೀತಾರ" ಎಂದ. ಮಳೆಗಾಲ ಕಳೆದ ಮೇಲೂ ಅದನ್ನೇ ಎಂದ. ಟಿಪ್ಪರುಗಳು ಒಂದೊಂದಾಗಿ ಫೈನಾನ್ಸಿನವರ ಪಾಲಾದವು. ಕಡೆಗೆ ಮನೆಯೂ ಮಾರಾಟವಾಯಿತು. ಕುರ್ಚಿಗಳಲ್ಲಿ ಎರಡು ಮಾತ್ರ ಉಳಿದು, ಮಿಕ್ಕವು ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಗೆ ಹೋದವು. ಅಲ್ಲಿ ಅವುಗಳಿಗೆ ಕೈತುಂಬ ಕೆಲಸ ಸಿಕ್ಕಿರಬೇಕು. ನನಗೆ ಹೊಟ್ಟೆಕಿಚ್ಚಾಯಿತು.

ನನ್ನನ್ನು ಕೇಳಿಕೊಂಡೂ ಜನ ಬಂದರು. ಕೊಟ್ರಪ್ಪ ಕೊಡಲಿಲ್ಲ. "ಅದೊಂದು ಇರ್ಲಿ" ಎಂದ. ಬಾಗಿಲಲ್ಲಿ ನಾನು ಹಿಡಿಸದೆ, ಕಿಟಕಿಯ ಚೌಕಟ್ಟನ್ನೇ ಕಿತ್ತು ಹೊರಗೆಳೆದರು. ಮನೆ ಕೊಂಡವನು ಬಾಯಿಗೆ ಬಂದಂತೆ ಬೈಯುತ್ತ ನಿಂತಿದ್ದ.

ಇನ್ನು ಬಾಡಿಗೆ ಮನೆ ಹುಡುಕಿದ ರೀತಿ ಕೇಳಿ. ಕೊಟ್ರಪ್ಪ ಹೋದಲ್ಲೆಲ್ಲ ಮೊದಲು ನಡುಮನೆಯ ಉದ್ದ ಅಳೆಯುತ್ತಿದ್ದ. ನೀರು ಬರುತ್ತದೆಯೇ, ಶಾಲೆ ಹತ್ತಿರವೇ, ಬಾಡಿಗೆ ಎಷ್ಟು, ಇದೆಲ್ಲ ಆಮೇಲೆ.

"ಮನಿ ನಮಗ ಹಿಡಿತೀರೋ, ಮೇಜಿಗೆ ಹಿಡಿತೀರೋ?" ಎಂದು ಹಾಲಮ್ಮ ಕೇಳಿದಳು. ಅವನು ಅಳತೆ ಪಟ್ಟಿ ಹಿಡಿದು ಇನ್ನೊಂದು ಮನೆಗೆ ನಡೆದ. ನಾನು ಹಿಡಿಸುವಂಥ ಮನೆಯೇ ಸಿಕ್ಕಿತು, ಬಾಡಿಗೆ ಮಾತ್ರ ಕೈ ಸುಡುವಂಥದ್ದು.

ಆ ಮನೆಯಲ್ಲಿ ಹಾಲಮ್ಮ ಸಂಸಾರ ತೂಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಬಲ್ ತೆಗೆಸಿದಳು. ಗೀಸರ್ ಬಿಟ್ಟು ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ, ಪುಳ್ಳೆ ಉರಿಸಿ ನೀರು ಕಾಯಿಸಿದಳು. ಹಳೆಯ ಸೀರೆ ದಿಂಬಿನ ಚೀಲವಾಯಿತು, ದಿಂಬಿನ ಚೀಲ ಒರೆಸುವ ಬಟ್ಟೆಯಾಯಿತು. ಮಿಕ್ಕ ರೊಟ್ಟಿಯನ್ನು ಪುಡಿ ಮಾಡಿ ಒಗ್ಗರಣೆ ಕೊಟ್ಟು, "ಇವತ್ತು ಸ್ಪೆಷಲ್" ಎಂದು ಅಕ್ಷತಾಳ ಮುಂದೆ ಇಡುತ್ತಿದ್ದಳು. ಹುಡುಗಿ ಮೂಗು ಮುರಿದರೂ ತಟ್ಟೆ ಖಾಲಿ ಮಾಡುತ್ತಿದ್ದಳು. ಶಾಲೆಯ ವ್ಯಾನು ಬಿಡಿಸಿದ್ದರಿಂದ ನಡೆದೇ ಹೋಗಿಬರುತ್ತಿದ್ದಳು. ಇಷ್ಟೆಲ್ಲ ಉಳಿಸಿದ್ದು ನಾನು ನಿಂತ ಜಾಗದ ಬಾಡಿಗೆಗೇ ಹೋಗುತ್ತಿತ್ತು. ನನಗೆ ಅದು ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೆ ಮೇಜು ತಾನಾಗಿ ಎದ್ದು ಹೋಗಲಾರದು.

ಕೊಟ್ರಪ್ಪನದು ಬೇರೆ ಕಷ್ಟ. ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಹಗಲೆಲ್ಲ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಪರಿಚಯದವರ ದನಿ ಕೇಳಿದರೆ ಹಿತ್ತಲಿಗೆ ಜಾರುತ್ತಿದ್ದ. ಒಂದು ಸಂಜೆ ಹೊರಬಂದು ತನ್ನ ನಿರ್ಧಾರ ಹೇಳಿದ. ಒಡಿಶಾ ಕಡೆ ಗಣಿಯಲ್ಲಿ ಡ್ರೈವರ್ ಕೆಲಸ ಇದೆ, ತಾನು ಅಲ್ಲಿಗೆ ಹೋಗುವುದು. ಹಾಲಮ್ಮ, ಅಕ್ಷತಾ ಕೂಡ್ಲಿಗಿಯ ತವರಿಗೆ. ತಾಯಿ ಕಂಪ್ಲಿಯ ತಂಗಿಯ ಮನೆಗೆ.

"ಮತ್ತ ಮೇಜು?" ಎಂದಳು ಹಾಲಮ್ಮ.

"ಗೆಳೆಯಾನ ಗೋದಾಮಿನ್ಯಾಗ ಇಡಾಣ."

"ಭಾಳ ಚೊಲೋ ಆತು! ಮೇಜಿಗೆ ಗೋದಾಮು, ಹೆಂಡ್ತಿಗೆ ತವರು!" ಹಾಲಮ್ಮ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಸ್ಟೇಷನ್ ಹಿಂದ ಎರಡು ಕೋಣಿ ಮನಿ ನೋಡಿ ಬಂದೀನಿ. ಇದರ ಅರ್ಧ ಬಾಡಿಗೀನೂ ಇಲ್ಲ. ಅಕ್ಷತಾನ ಶಾಲ್ಯಾಗ ವ್ಯಾನಿಗೆ ಡ್ರೈವರ್ ಬೇಕಾಗ್ಯಾನ. ಎಲ್ಲಾರೂ ಕೂಡೇ ಇರಬಹುದು."

"ಇದ ಊರಾಗ ನಾಕು ಗಾಡಿ ಇಟ್ಟಿದ್ದಾಂವ ನಾನು. ಇಲ್ಲೇ ಮಂದಿ ಗಾಡಿ ಓಡಸ್ಲೇನು? ಒಡಿಶಾದಾಗಾದ್ರ ನನ್ನ ಗುರ್ತು ಯಾರಿಗೂ ಇಲ್ಲ," ಎಂದು ಅವನು ಮತ್ತೆ ಒಳಗೆ ಹೋದ.

ಹಾಲಮ್ಮ ನನ್ನ ಉದ್ದವನ್ನು ಗೇಣಿನಿಂದ ಅಳೆದು, ನಟ್ಟನಡುವೆ ಬೆರಳಿಟ್ಟಳು. ಮರುದಿನ ಮೌನೇಶಪ್ಪ ಬಂದ. ಮನೆ ಕಟ್ಟಿಸುವವರೇ ಇಲ್ಲದೆ ಅವನೂ ಸೊರಗಿದ್ದ. ನನ್ನನ್ನು ನಡುವೆ ಕೊಯ್ಯಬೇಕು, ಕೂಲಿಯ ಬದಲು ಒಂದರ್ಧ ಅವನದು ಎಂದು ಹಾಲಮ್ಮ ಹೇಳಿದಳು. ಅವನು ನನ್ನ ಮೇಲೆ ಕೈಯಾಡಿಸುತ್ತ, "ಅಕ್ಕಾರ, ನಾನ ಮಾಡಿದ್ದು... ಕೈ ಬರವಲ್ದು," ಎಂದ. ಕಡೆಗೆ ಕೊಯ್ಯುವ ಮಿಷನ್ನು ಹಚ್ಚಿದ. ಗುರುತಿನ ಗೆರೆ ಮುಟ್ಟುವಷ್ಟರಲ್ಲಿ ಕರೆಂಟು ಹೋಯಿತು.

ನಾನು ಬದುಕಿದೆ ಎಂದುಕೊಂಡೆ. ಆದರೆ ಹಾಲಮ್ಮ ಬಿಡುವವಳಲ್ಲ. ಇಬ್ಬರು ಎಳೆಯುವ ದೊಡ್ಡ ಗರಗಸ ತರಿಸಿ, ಸೆರಗು ಸಿಕ್ಕಿಸಿ, ಒಂದು ಹಿಡಿ ತಾನೇ ಹಿಡಿದಳು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಗರಗಸ ನಾಲ್ಕು ಬೆರಳು ಇಳಿದು ಸಿಕ್ಕಿಕೊಂಡಿತು. ಬಿಡಿಸಿ ಎಳೆದರು, ಮತ್ತೆ ಸಿಕ್ಕಿತು. ಹಾಲಮ್ಮನ ಅಂಗೈ ಕೆಂಪಾಯಿತು. ಆ ಕರಕರ ಸದ್ದು ಒಳಕೋಣೆಗೆ ಕೇಳದೆ ಇರುತ್ತದೆಯೇ?

ಬಾಗಿಲಲ್ಲಿ ಕೊಟ್ರಪ್ಪನ ಬರಿಗಾಲುಗಳು ಕಂಡವು. ನನ್ನನ್ನೂ ಹೆಂಡತಿಯ ಕೈಯನ್ನೂ ನೋಡುತ್ತ ನಿಂತ. ಬೈಯುತ್ತಾನೆ ಎಂದು ಎಲ್ಲರೂ ಕಾದೆವು.

"ಅತ್ಲಾಗ ಸರಿ," ಎಂದ. "ಇಬ್ರೂ ಜಗ್ಗಿದ್ರ ಅದು ಹೋಗ್ತತೇನು? ಅಂವ ಜಗ್ಗಿದಾಗ ನೀ ಸಡ್ಲ ಬಿಡಬೇಕು."

ಅವಳ ಕೈಯಿಂದ ಹಿಡಿಯನ್ನು ತೆಗೆದುಕೊಂಡು ಮೊಣಕಾಲೂರಿ ಕೂತ. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈಗಳು, ಎಷ್ಟೋ ತಿಂಗಳಿಂದ ಕೆಲಸ ಕಾಣದವು. ಗರಗಸ ಸರಾಗವಾಗಿ ಓಡಿತು. ಅವನ ಕಣ್ಣಿನ ನೀರೋ ಹಣೆಯ ಬೆವರೋ, ನನ್ನ ಮೇಲೆ ಬಿದ್ದು ಮರದ ಹಿಟ್ಟಿನಲ್ಲಿ ಇಂಗಿತು. ನಾನು ಎರಡಾದೆ.

ನನ್ನ ಇನ್ನೊಂದು ಅರ್ಧ ಮೌನೇಶಪ್ಪನ ಮನೆಯ ಬಾಗಿಲಾಯಿತಂತೆ. ಜನ ಆ ಅರ್ಧವನ್ನು ತಟ್ಟಿಯೇ ಒಳಗೆ ಬರುತ್ತಾರೆ, ಅದರ ಜಂಬ ಕೇಳಬೇಡಿ. ನಾನು ಸ್ಟೇಷನ್ ಹಿಂದಿನ ಮನೆಗೆ ಬಂದೆ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಓನರಮ್ಮ ಹಟ ಹಿಡಿದಿದ್ದಳು, ಹಾಲಮ್ಮನ ಶೇಂಗಾ ಚಟ್ನಿ ತಿಂದ ಮೇಲೆ ಮೆತ್ತಗಾದಳು. ಕೊಯ್ದ ಕಡೆಗೆ ಕಾಲಿಲ್ಲದ್ದರಿಂದ ಮೌನೇಶಪ್ಪ ಗೋಡೆಗೊಂದು ಪಟ್ಟಿ ಜಡಿದು, ನನ್ನ ಗಾಯವನ್ನು ಅದರ ಮೇಲೆ ಕೂರಿಸಿದ. ಎರಡು ಕಾಲು ನನ್ನವು, ಉಳಿದ ಭಾರ ಗೋಡೆಯದು.

ಮನೆ ಬದಲಾಯಿತು. ಆದರೆ ಕೊಟ್ರಪ್ಪನ ಮನಸ್ಸು ಬದಲಾಗಿರಲಿಲ್ಲ. ಸೋಮವಾರದ ಗಾಡಿಗೆ ಟಿಕೆಟ್ ಆಗಿತ್ತು. ಬಟ್ಟೆ ತುಂಬಿದ ಅವನ ಬ್ಯಾಗನ್ನು ಬೇರೆ ಜಾಗವಿಲ್ಲದೆ ನನ್ನ ಕೆಳಗೇ ಇಟ್ಟಿದ್ದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತರು. ಟಿವಿ ಇಲ್ಲ, ಇನ್ನೊಂದು ಫ್ಯಾನೂ ಇಲ್ಲ, ಎಲ್ಲರೂ ಅಲ್ಲಿಗೇ ಬರಬೇಕಾಯಿತು. ಅಪ್ಪ ಅವ್ವನಿಗೆ ಎರಡು ಕುರ್ಚಿ, ಅಕ್ಷತಾಗೆ ಟ್ರಂಕು. ನೀಲಮ್ಮ ಎಂದಿನಂತೆ ನೆಲದ ಮೇಲೆ, ನನ್ನ ಕಾಲಿಗೆ ಬೆನ್ನು ಕೊಟ್ಟು. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ನನ್ನ ಕೆಳಗೆ ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು. ಕಾಲಿಡಲು ಜಾಗ ಸಿಗದೆ ಅಕ್ಷತಾ ತನ್ನ ಪಾದಗಳನ್ನು ಅಪ್ಪನ ಪಾದಗಳ ಮೇಲಿಟ್ಟಳು. ಅವನು ಎಳೆದುಕೊಳ್ಳಲಿಲ್ಲ.

ಮೊದಲ ರೊಟ್ಟಿ ಮುಗಿಯಿತು. ಆಮೇಲೆ ಕೊಟ್ರಪ್ಪ ತಟ್ಟೆ ನೋಡುತ್ತಲೇ ಕೇಳಿದ. "ಅಕ್ಷತಾ, ನಾನು ನಿಮ್ಮ ಶಾಲಿ ವ್ಯಾನ್ ಓಡ್ಸಿದ್ರ... ನಿನ್ನ ಗೆಳತ್ಯಾರ ಮುಂದ ನಿನಗ ನಾಚಿಕಿ ಆಗಂಗಿಲ್ಲೇನು?"

ಹಾಲಮ್ಮನ ಪಾದ ಅಲ್ಲಾಡದೆ ನಿಂತಿತು. ನೀಲಮ್ಮ ಅಗಿಯುವುದನ್ನು ನಿಲ್ಲಿಸಿದಳು. ಬ್ಯಾಗು ನನ್ನ ಕಾಲಿಗೆ ಒರಗಿಕೊಂಡೇ ಇತ್ತು. ನನಗೆ ಉಸಿರು ಎಂಬುದಿದ್ದರೆ ನಾನೂ ಹಿಡಿದಿರುತ್ತಿದ್ದೆ.

"ಮುಂದಿನ ಸೀಟು ನಂದು," ಎಂದಳು ಅಕ್ಷತಾ ಬಾಯಿತುಂಬ ರೊಟ್ಟಿ ಇಟ್ಟುಕೊಂಡು. "ಈಗ್ಲೇ ಹೇಳೀನಿ. ಆಮ್ಯಾಲೆ ಯಾರಿಗರ ಕೊಟ್ರ ನೋಡು!"

ಕೊಟ್ರಪ್ಪ ನಕ್ಕ. ನಗು ಬಂದು ಎಷ್ಟು ಕಾಲವಾಗಿತ್ತೋ, ಕೆಮ್ಮು ಹತ್ತಿತು. ಹಾಲಮ್ಮ ನೀರು ಕೊಟ್ಟಳು. ಅವನು ಕುಡಿದು, ಕಾಲಿನಿಂದಲೇ ಬ್ಯಾಗನ್ನು ಅವಳ ಕಡೆ ತಳ್ಳಿದ. "ಅರಿವಿ ತಗದು ಗೂಟಕ್ಕ ಹಾಕು," ಎಂದ. ಹಾಲಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ತಾನೂ ಒಂದು ಹಾಕಿಕೊಂಡು, ಪೂರ್ತಿ ಕೂತು ಉಂಡಳು.

ಈಗ ನಾನು ಮುದಿಯಾಗಿದ್ದೇನೆ. ಮೆರುಗು ಹೋಗಿ, ಬಿಸಿ ಪಾತ್ರೆ ಇಟ್ಟ ಬಳೆಯಂಥ ಕಲೆಗಳು ಮೈತುಂಬ ಮೂಡಿವೆ. ಅಕ್ಷತಾ ನನ್ನ ಮೇಲೆಯೇ ಓದಿ, ಈಗ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ನೀಲಮ್ಮ ತೀರಿಹೋಗಿ ಮೂರು ವರ್ಷವಾಯಿತು. ಗಣಿಗಳು ಕೆಲವು ತೆರೆದಿವೆ, ಹಳೆಯ ಸ್ನೇಹಿತರು ಮತ್ತೆ ಟಿಪ್ಪರ್ ಮಾತಾಡುತ್ತಾರೆ. ಕೊಟ್ರಪ್ಪ ಚಹಾ ಕೊಟ್ಟು ಕಳಿಸುತ್ತಾನೆ, ಮಕ್ಕಳನ್ನು ಕರೆತರುವ ಹೊತ್ತಾಯಿತು ಎಂದು ವ್ಯಾನಿನ ಕೀಲಿ ತೆಗೆದುಕೊಳ್ಳುತ್ತಾನೆ. ದೊಡ್ಡದಾಗಿದ್ದಾಗ ನಾನು ಒಬ್ಬಂಟಿಯಾಗಿದ್ದೆ. ಕತ್ತರಿಸಿಕೊಂಡ ಮೇಲೆ ನನ್ನ ಮೇಲೆ ಒಂದು ಹೊತ್ತೂ ಊಟ ತಪ್ಪಿಲ್ಲ. ಇದನ್ನು ಇನ್ನೊಂದು ಹತ್ತು ಕುರ್ಚಿಯ ಮೇಜಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಾನೂ ನಂಬುತ್ತಿರಲಿಲ್ಲ.

ಹೋದ ವಾರ ಅಕ್ಷತಾಳ ಜೊತೆ ಕೆಲಸ ಮಾಡುವ ಗೆಳತಿಯರು ಹೇಳದೆ ಕೇಳದೆ ಊಟಕ್ಕೆ ಬಂದುಬಿಟ್ಟರು. ಹಾಲಮ್ಮ ಬೇಳೆಗೆ ನೀರು ಹೆಚ್ಚಿಸಿದಳು. ಒಬ್ಬಳು ಟ್ರಂಕಿನ ಮೇಲೆ, ಇಬ್ಬರು ಒಂದೇ ಕುರ್ಚಿಯಲ್ಲಿ, ಇನ್ನೊಬ್ಬಳು ಕಿಟಕಿಯ ಕಟ್ಟೆಯಲ್ಲಿ. ವ್ಯಾನು ನಿಲ್ಲಿಸಿ ಬಂದ ಕೊಟ್ರಪ್ಪ ಕೈತೊಳೆದು, ಮಗಳ ಪಕ್ಕ ಅರ್ಧ ಕುರ್ಚಿಯಲ್ಲಿ ತೂರಿಕೊಂಡ. ಮೊಣಕೈಗೆ ಮೊಣಕೈ ತಾಗಿ ಸಾರು ಚೆಲ್ಲಿತು. ಜಾಗ ಸಾಲಲಿಲ್ಲ. ಯಾರೂ ಎದ್ದು ಹೋಗಲಿಲ್ಲ.