ನಲವತ್ತರ ಕೆಳಗೆ

"ಇದೇನು ದೊಡ್ಡಪ್ಪ, ನಲವತ್ತೆರಡು ಅಂತ ಬರೆದಿದೀರಿ?"

ಗೇಜಕ್ಕ ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಎಷ್ಟು ಸಲ ನೋಡಿದರೂ ನಲವತ್ತೆರಡು ನಲವತ್ತೆರಡೇ. ಅದರ ಮೇಲಿನ ಆರು ಸಾಲುಗಳಲ್ಲಿ ಅವಳದೇ ಅಕ್ಷರ. ಮೂವತ್ತೊಂಬತ್ತರಿಂದ ಶುರುವಾಗಿ ನಿಧಾನಕ್ಕೆ ಮೂವತ್ತೆಂಟಕ್ಕೆ ಇಳಿದಿತ್ತು. ಏಳನೆಯ ಸಾಲು, ಅಂದರೆ ನಿನ್ನೆಯದು, ದೊಡ್ಡಪ್ಪನ ಅಂಕುಡೊಂಕು ಬರಹ.

"ನೀನಿರಲಿಲ್ವಲ್ಲಮ್ಮ. ನಾನೇ ಇಳಿದು ನೋಡಿದೆ," ಎಂದರು ದೊಡ್ಡಪ್ಪ. ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

"ನೋಡಿದ್ರಾ?"

"ಕೈಯಲ್ಲಿ ನೋಡಿದೆ."

ಗೇಜಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

ದೊಡ್ಡಪ್ಪ ಅವಳಿಗೆ ನೆಂಟರೇನಲ್ಲ. ಅವರು ನದಿಯ ಮೇಲಿನ ಸೀಮೆಯ ಅಳತೆಗಾರ, ಅವಳು ಕೆಳಗಿನ ಸೀಮೆಯವಳು; ನೀರಿನ ಗೇಜು ಓದುವವಳೆಂದು ಎಲ್ಲರಿಗೂ ಗೇಜಕ್ಕ. ಮಳೆ ಅಪರೂಪವಾದ ಈ ಎರಡು ಸೀಮೆಗಳು ಇದ್ದೊಂದು ನದಿಗಾಗಿ ಮೂವತ್ತು ವರ್ಷ ಕಿತ್ತಾಡಿ, ಸಾಕೋ ಸಾಕಾಗಿ, ಕೊನೆಗೊಂದು ಒಪ್ಪಂದ ಮಾಡಿಕೊಂಡಿದ್ದವು. ಗಡಿಯ ಸೇತುವೆಯ ಕಂಬಕ್ಕೊಂದು ಅಳತೆಪಟ್ಟಿ. ನೀರು ಸತತವಾಗಿ ಏಳು ದಿನ ನಲವತ್ತು ಸೆಂಟಿಮೀಟರಿನ ಕೆಳಗಿದ್ದರೆ ಮೇಲಿನವರು ಅಣೆಕಟ್ಟಿನ ಬಾಗಿಲು ತೆಗೆಯಬೇಕು. ನಡುವೆ ಒಂದೇ ಒಂದು ದಿನ ನಲವತ್ತು ಮುಟ್ಟಿದರೂ ಎಣಿಕೆ ಮೊದಲಿನಿಂದ. ಎರಡೂ ಕಡೆಯವರು ಒಟ್ಟಿಗೆ ನಿಂತು ಪಟ್ಟಿ ಓದಿ ಒಂದೇ ಪುಸ್ತಕಕ್ಕೆ ಸಹಿ ಹಾಕಬೇಕು. ಒಬ್ಬರಿಗೆ ರಜೆಯಿದ್ದ ದಿನ ಇನ್ನೊಬ್ಬರ ಸಹಿ ಸಾಕು. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬುವುದಿಲ್ಲವೆಂದೇ ಮಾಡಿದ ಏರ್ಪಾಡು ಇದು.

ಆದರೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಒಂದೇ ಮೆಟ್ಟಿಲ ಮೇಲೆ ನಿಲ್ಲುವವರು ಎಷ್ಟು ದಿನ ಅಂತ ಅಪನಂಬಿಕೆ ಇಟ್ಟುಕೊಂಡಾರು? ಎರಡು ವರ್ಷದ ಹಿಂದೆ ದೊಡ್ಡಪ್ಪನ ಕಣ್ಣಿಗೆ ಮಂಜು ಕವಿಯಿತು. ಆಪರೇಷನ್ನಿಗೂ ಬಗ್ಗದ ಕಾಯಿಲೆ ಎಂದರು ಡಾಕ್ಟರು. ಅಂದಿನಿಂದ ಅವಳು ಗಟ್ಟಿಯಾಗಿ ಓದುತ್ತಾಳೆ, ಅವರು ಅವಳು ಬೆರಳಿಟ್ಟ ಕಡೆ ಸಹಿ ಹಾಕುತ್ತಾರೆ. ಆ ಎರಡು ವರ್ಷದಲ್ಲಿ ಅವಳು ಕೂದಲೆಳೆಯಷ್ಟೂ ಸುಳ್ಳು ಓದಿದವಳಲ್ಲ.

"ಹಿಂದಿನ ದಿನದ್ದನ್ನೇ ಬರೀರಿ ಅಂತ ಹೇಳಿ ಹೋಗಿದ್ನಲ್ಲ ನಾನು."

"ನೀನು ನೋಡಿದ್ದಕ್ಕೆ ಸಹಿ ಹಾಕೋದು ಬೇರೆ ಕಣಮ್ಮ. ಯಾರೂ ನೋಡದೇ ಇದ್ದದ್ದನ್ನ ಬರೆಯೋದು ಬೇರೆ. ನನಗೆ ಮನಸ್ಸು ಬರಲಿಲ್ಲ."

ಹಾಗಾಗಿ ಮಂಡಿಯುದ್ದ ನೀರಿಗಿಳಿದು, ಪಟ್ಟಿಯ ಉಬ್ಬುಗೆರೆಗಳನ್ನು ಮೇಲಿನಿಂದ ಒಂದೊಂದಾಗಿ ತಡವಿ, ಒದ್ದೆ ಸಿಕ್ಕಿದ ಕಡೆ ನಿಲ್ಲಿಸಿದ್ದರು. ನೀರು ಇಳಿದ ಮೇಲೂ ಅದರ ಮಟ್ಟದಿಂದ ನಾಲ್ಕು ಗೆರೆ, ಅಂದರೆ ನಾಲ್ಕು ಸೆಂಟಿಮೀಟರ್, ಮೇಲಿನವರೆಗೆ ಪಾಚಿ ಒದ್ದೆಯಾಗಿಯೇ ಇರುತ್ತದೆಂದು ಕಣ್ಣಿಗೆ ಗೊತ್ತಾಗುತ್ತದೆ. ಬೆರಳಿಗೆ ಪಾಚಿಯೂ ಒಂದೇ, ನೀರೂ ಒಂದೇ.

ನಿನ್ನೆ ಅವಳು ರಜೆ ಹಾಕಿದ್ದು ಭಾವನಿಗಾಗಿ. ಕೆಳಗಿನ ಪಟ್ಟಣದಲ್ಲಿರುವ ಅಕ್ಕ ಒಬ್ಬಳೇ ಗಂಡನನ್ನು ಎತ್ತಿ ಆಟೋ ಹತ್ತಿಸಿ ಡಯಾಲಿಸಿಸ್ಸಿಗೆ ಕರೆದೊಯ್ಯಲಾರಳು. ವಾರಕ್ಕೆ ಮೂರು ಸಲ ಆಗುತ್ತಿದ್ದದ್ದು ಈಗ ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಆ ಯಂತ್ರಕ್ಕೆ ಒಂದು ಸಲಕ್ಕೆ ಬೇಕಾಗುವ ನೀರಿನಲ್ಲಿ ಒಂದು ಸಂಸಾರ ದಿನ ಕಳೆಯಬಹುದು. "ಮುಂದಿನ ಬುಧವಾರ ಬರಬೇಡಿ. ನೀರು ಬಂದ್ರೆ ನಾವೇ ಫೋನ್ ಮಾಡ್ತೀವಿ," ಎಂದಿದ್ದಳು ನರ್ಸು. ಸುತ್ತಲಿನ ಆಸ್ಪತ್ರೆಗಳಲ್ಲೂ ಅದೇ ಪಾಡು. ಗೇಜಕ್ಕ ಆಗ ಎಷ್ಟು ಠೀವಿಯಿಂದ ಹೇಳಿದ್ದಳು: "ಬರತ್ತೆ ಬಿಡಿ ಸಿಸ್ಟರ್. ಇವತ್ತಿಗೆ ಏಳು ದಿನ ಆಯ್ತು. ಬರೆಯೋಳು ನಾನೇ." ನೆನೆದರೆ ಈಗ ಮೈಯೆಲ್ಲ ಉರಿಯುತ್ತಿತ್ತು.

"ತಪ್ಪಾಯ್ತು ಅಂತ ನಾನೇ ಹೇಳ್ತೀನಿ," ಎಂದರು ದೊಡ್ಡಪ್ಪ. "ಕಣ್ಣು ಕಾಣಲ್ಲ ಅಂತ್ಲೇ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

"ನಿನ್ನೆ ಮಾತ್ರ ಕಾಣಲಿಲ್ಲ ಅನ್ನಿ. ಎರಡು ವರ್ಷದ ಸುದ್ದಿ ಎತ್ತಬೇಡಿ. ಕಾಲಿಗೆ ಬೀಳ್ತೀನಿ."

ಹತ್ತು ಗಂಟೆಗೆ ಎರಡೂ ಕಡೆಯ ಎಂಜಿನಿಯರುಗಳು ಬಂದರು. ಬಾಗಿಲು ತೆಗೆಯುವ ಆದೇಶಕ್ಕೆ ಸಹಿ ಹಾಕಲೆಂದೇ ಇಟ್ಟುಕೊಂಡ ಸಭೆ. ಮೇಲಿನ ಸೀಮೆಯವನು ಕೆಟ್ಟವನೇನಲ್ಲ. ಅವನ ಅಣೆಕಟ್ಟಿನಲ್ಲೂ ತಳ ಕಾಣುತ್ತಿತ್ತು, ಅವನ ಊರಿನ ನಲ್ಲಿಯಲ್ಲೂ ವಾರಕ್ಕೊಮ್ಮೆ ನೀರು. ಪುಸ್ತಕದ ಮೇಲೆ ಬೆರಳಾಡಿಸಿ ಏಳನೆಯ ಸಾಲಿನಲ್ಲಿ ನಿಂತ.

ದೊಡ್ಡಪ್ಪ ಎದ್ದು ನಿಂತು, ನಿನ್ನೆ ತನಗೆ ಕಣ್ಣು ಸರಿಯಾಗಿ ಕಾಣಲಿಲ್ಲವೆಂದೂ ತಡವಿ ಬರೆದೆನೆಂದೂ ಹೇಳಿದರು. ಗೇಜಕ್ಕನ ಕಡೆಯ ಎಂಜಿನಿಯರ್ ಉಸಿರು ಬಿಟ್ಟು, "ಹಾಗಾದ್ರೆ ಅದೊಂದು ದಿನ ಬಿಟ್ಟು ಇವತ್ತಿಂದು ಸೇರಿಸೋಣ. ಇವತ್ತು ಮೂವತ್ತೇಳಿದೆ, ನಾನೇ ನೋಡ್ಕೊಂಡು ಬಂದೆ," ಎಂದ.

"ಸೇರಿಸೋಣ," ಎಂದ ಮೇಲಿನವನು ನಿಧಾನವಾಗಿ. ಆಮೇಲೆ ಗೇಜಕ್ಕನ ಕಡೆ ತಿರುಗಿದ. "ಹಿಂದಿನ ಆರು ದಿನ ಇವರೇ ಕಣ್ಣಾರೆ ನೋಡಿದಾರಾ?"

"ನೋಡಿದಾರೆ ಸರ್," ಎಂದಳು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಾಡಿದ ಮೊದಲ ಸುಳ್ಳು ಅದು, ಆದರೂ ಒಂಚೂರೂ ತಡವರಿಸದೆ ಬಂತು.

ಅವನು ದೊಡ್ಡಪ್ಪನ ಕಡೆ ತಿರುಗಿದ. "ಹಿರಿಯರೇ, ಬೇಜಾರಾಗಬೇಡಿ. ಆ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಯಾವ ತಿಂಗಳಿದೆ ನೋಡಿ ಹೇಳಿ."

ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು. ಕತ್ತು ಮುಂದಕ್ಕೆ ಚಾಚಿ, ಕಣ್ಣು ಕಿರಿದಾಗಿಸಿ, ಅಲ್ಲೇ ಹುಡುಕತೊಡಗಿದರು. ಕ್ಯಾಲೆಂಡರು ಅವರ ಬೆನ್ನ ಹಿಂದಿತ್ತು. ಗೇಜಕ್ಕನಿಗೆ ಎದ್ದು ಹೋಗಿ ಅವರ ಹೆಗಲು ಹಿಡಿದು ತಿರುಗಿಸಬೇಕೆನ್ನಿಸಿತು.

"ಸಾಕು, ಕೂತ್ಕೊಳಿ," ಎಂದ ಮೇಲಿನ ಎಂಜಿನಿಯರ್. ಅವನ ಮುಖವೂ ಬಿಳಿಚಿಕೊಂಡಿತ್ತು. "ಆ ಆರು ದಿನ ನೋಡಿದ್ದು ಒಂದೇ ಜೊತೆ ಕಣ್ಣು. ಅದೂ ನೀರು ಬೇಕಾದವರ ಕಣ್ಣು. ಇದನ್ನ ತಗೊಂಡು ಹೋಗಿ ನಮ್ಮ ಜನಕ್ಕೆ ಏನಂತ ಹೇಳಲಿ ನಾನು?"

"ನಾನು ಓದಿದ್ದು ಒಂದೂ ಸುಳ್ಳಲ್ಲ ಸರ್."

"ಈಗಷ್ಟೇ ಒಂದು ಹೇಳಿದ್ರಲ್ಲಮ್ಮ."

ಅವಳ ಕಡೆಯ ಎಂಜಿನಿಯರ್ ವಾದಿಸಿದ, ಬೇಡಿಕೊಂಡ, ಆಸ್ಪತ್ರೆಯ ಹೆಸರೆತ್ತಿದ. ಕೊನೆಗೆ ಪುಸ್ತಕದ ಆ ಪುಟಕ್ಕೆ ಅಡ್ಡಗೆರೆ ಬಿತ್ತು. ಮೇಲಿನ ಸೀಮೆಯಿಂದ ಹೊಸ ಅಳತೆಗಾರರು ಬಂದ ದಿನದಿಂದ ಮತ್ತೆ ಎಣಿಕೆ. ಸದ್ಯಕ್ಕೆ ಬೇರೆಯವರು ಸಿಗದ ಕಾರಣ ಗೇಜಕ್ಕನನ್ನು ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ದೊಡ್ಡಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹೊರಡುವಾಗ ಅವರು ಏನೋ ಹೇಳಲು ಬಾಯಿ ತೆರೆದರು, ಆದರೆ ಅವಳು ಯಾವ ಕಡೆ ನಿಂತಿದ್ದಾಳೆಂದು ಅವರಿಗೆ ತಿಳಿಯಲಿಲ್ಲ. ಅವಳೂ ದನಿ ಕೊಡಲಿಲ್ಲ. ಆಮೇಲೆ ಅದೊಂದಕ್ಕೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ.

ಹೊಸಬರು ಬಂದದ್ದು ಐದು ದಿನದ ಮೇಲೆ, ಮಂಗಳವಾರ. ದಪ್ಪ ಕನ್ನಡಕದ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಪಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ಓದಿದಳು. "ಮೂವತ್ತೊಂದು."

"ಮೂವತ್ತೊಂದು," ಎಂದಳು ಗೇಜಕ್ಕ.

ಇಬ್ಬರೂ ಸಹಿ ಹಾಕಿದರು. ಅಷ್ಟರಲ್ಲಿ ಅಕ್ಕನ ಫೋನು. ಸೋಮವಾರದಿಂದ ಭಾವನಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು. ಅಕ್ಕ ಅಳಲಿಲ್ಲ, ಹೇಗಿದೀಯ ಎಂದೂ ಕೇಳಲಿಲ್ಲ.

"ಇವತ್ತಿಗೆ ಎಷ್ಟು ದಿನ ಆಯ್ತೇ?"

ಗೇಜಕ್ಕ ಪುಸ್ತಕದ ಹೊಸ ಪುಟದಲ್ಲಿದ್ದ ಒಂದೇ ಸಾಲನ್ನು ನೋಡಿದಳು.

"ಒಂದು, ಅಕ್ಕ."

ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಅಕ್ಕ ಮೆಲ್ಲಗೆ, "ಒಂದಂತೆ ರೀ," ಎಂದದ್ದು ಕೇಳಿಸಿತು. ಅದರ ಹಿಂದೆ, ಕೂತಲ್ಲೇ ಯಾರೋ ಮಗ್ಗುಲು ಬದಲಿಸಲು ನೋಡುತ್ತಿರುವ ಸದ್ದು.