ಲೇಸರಿಗೆ ಹಚ್ಚಿದ ಕುಂಕುಮ

ದಸರೆ ಮುಗಿದಿತ್ತು. ಹೊಸ ಹತ್ತಿಯ ಗಾಡಿಗಳು ಬರತೊಡಗಿ, ಆದವಾನಿಯ ಜಿನ್ನಿಂಗ್ ಮಿಲ್ಲುಗಳು ಬೆಳಗಿನಿಂದಲೇ ಸದ್ದು ಹಿಡಿದಿದ್ದವು. ಹಿಂದಿನ ಓಣಿಯಲ್ಲಿದ್ದ ಪ್ರಾಣೇಶನ ಪುಟ್ಟ ಕಾರ್ಖಾನೆಯಲ್ಲಿ ಆದಿಲಕ್ಷ್ಮಿ ಪಿಂಗಾಣಿ ಬಿಲ್ಲೆಗಳನ್ನು ಚಿಮಟದಿಂದ ಹಿಡಿದು ತಟ್ಟೆಗೆ ಜೋಡಿಸುತ್ತಿದ್ದಳು. ಒಂದೊಂದು ಬಿಲ್ಲೆಯ ಮೇಲೂ ಎಳ್ಳಿನಷ್ಟು ಕಪ್ಪು ಲೇಪ. ವಿದ್ಯುತ್ತನ್ನು ತಡೆದು, ಬೇಕಾದಷ್ಟೇ ಮುಂದಕ್ಕೆ ಬಿಡುವುದು ಅದರ ಕೆಲಸ. ಆ ತಡೆಯ ಅಳತೆ ಕೂಡುವವರೆಗೆ ಲೇಸರ್ ಕಿರಣ ಅದರಲ್ಲಿ ಕೂದಲೆಳೆಗಿಂತ ಸಣ್ಣ ಗೀರು ಕೊರೆಯಬೇಕು. ಸಂಜೆ ಟೆಲಿಫೋನ್ ಕಂಪನಿಯವರು ಬಂದು ಒಪ್ಪಿದರೆ ವರ್ಷದ ಕೆಲಸ. ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಹಬ್ಬದ ಬಳಿಕ ಮೊದಲ ಸಲ ಪ್ರಾಣೇಶ ಲೇಸರ್ ಯಂತ್ರದ ಗುಂಡಿ ಒತ್ತಿದ. ಗೀರು ಬೀಳಲಿಲ್ಲ, ಸುಟ್ಟ ವಾಸನೆ ಬಂತು. ಯಂತ್ರ ನಿಲ್ಲಿಸಿ ಬಗ್ಗಿ ನೋಡಿದರೆ, ಮಸೂರ ಕಾಯುವ ಗಾಜಿನ ಮೇಲೆ ಕಾಸಗಲದ ಕುಂಕುಮ, ನಡುವೆ ಕರಿ ಬಿರುಕು.

"ಇದ್ಯಾರ ಹಚ್ಚಿದ್ದು?"

"ನಾನ ರೀ. ಆಯುಧಪೂಜಿ ದಿನ."

"ಮ್ಯಾಲಿನ ಡಬ್ಬಿಗೆ ಹಚ್ಚಬಾರದಾಗಿತ್ತೇನು?"

"ಡಬ್ಬಿಗೆ ಹಚ್ಚಿದ್ರ ಡಬ್ಬಿ ಪೂಜಿ ಆಗ್ತೈತ್ರಿ. ಹತ್ತಿ ಜಿನ್ನಿನಾಗ ಇದ್ದಾಗ ನಾವು ಬ್ಲೇಡಿಗೇ ಹಚ್ಚತಿದ್ವಿ. ಇದರ ಬ್ಲೇಡು ಆ ಗಾಜಿನಿಂದಲೇ ಬರ್ತೈತಲ್ರಿ?"

ಪೂಜೆಯನ್ನು ಅವಳಿಗೆ ಒಪ್ಪಿಸಿ ಹೊಳಗುಂದದ ಮಾವನ ಮನೆಗೆ ಹೋಗಿದ್ದವನು ತಾನೇ. ಸಿಟ್ಟು ಬರಬೇಕಾದಲ್ಲಿ ಪ್ರಾಣೇಶನಿಗೆ ನಗು ಬಂತು. ಆದರೆ ಬೇರೆ ಗಾಜು ಬೊಂಬಾಯಿಯಿಂದ ಬರಲು ವಾರ ಬೇಕು. ತೆಳ್ಳನೆಯ ಯಾವ ಗಾಜಾದೀತೆಂದು ಯೋಚಿಸುತ್ತಲೇ ಅವನು ಸೈಕಲ್ ಹತ್ತಿ ಕಾಲೇಜಿಗೆ ಹೋದ. ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಮೌಲಾಲಿ ಜಾಡಿಗಳ ಧೂಳು ಒರೆಸುತ್ತಿದ್ದ.

"ಮೌಲಾಲಿ, ಮೈಕ್ರೋಸ್ಕೋಪಿನ ಗಾಜು ಒಂದು ಕೊಡಪಾ. ಗೀರಿಲ್ಲದ್ದು."

"ಯಾಕ್ ಸಾರ್, ಕಪ್ಪಿ ರಕ್ತ ನೋಡ್ತೀರೇನು?"

"ನಮ್ಮ ಮಷೀನಿಗೆ ಕಣ್ಣು ಹೋಗ್ಯದ."

"ತಗೊಳ್ರಿ. ಉದ್ರಿ ಮತ್ತ, ವಾಪಸ್ ತರಬೇಕು."

ಆದಿಲಕ್ಷ್ಮಿ ಗಾಜನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಅಂಚು ಹಿಡಿದೇ ಕೊಟ್ಟಳು. ಪ್ರಾಣೇಶ ಅದನ್ನು ಬಿರುಕುಬಿಟ್ಟ ಗಾಜಿನ ಜಾಗಕ್ಕೆ ಕೂಡಿಸಿದ. ಕಿರಣ ತುಸು ಮಂಕಾಯಿತೆಂದು ವೇಗ ಇಳಿಸಿದ. ಮೊದಲ ಬಿಲ್ಲೆಯಲ್ಲಿ ಗೀರು ಮೆಲ್ಲಗೆ ಹರಿಯಿತು. ಮೀಟರಿನ ಮುಳ್ಳು ಏರಿ, ಬೇಕಾದಲ್ಲಿ ನಿಂತಿತು.

"ಹೊಂಟ್ಲು ನೋಡ್ರಿ ತಾಯಿ!" ಎಂದಳು ಆದಿಲಕ್ಷ್ಮಿ.

ಸಂಜೆ ಬಂದವರು ತಮ್ಮದೇ ಮೀಟರಿನಿಂದ ಬಿಲ್ಲೆಗಳನ್ನು ಅಳೆದರು, ಮತ್ತೊಮ್ಮೆ ಅಳೆದರು, ಕಾಫಿ ಕುಡಿದು ಒಪ್ಪಿ ಹೋದರು.

ವಾರದ ಮೇಲೆ ಬೊಂಬಾಯಿ ಗಾಜು ಬಂತು. ಮೌಲಾಲಿಯ ಗಾಜನ್ನು ಬಿಚ್ಚಲು ಆದಿಲಕ್ಷ್ಮಿ ಬಿಡಲಿಲ್ಲ.

"ಕೈಗೂಡಿದ್ದನ್ನ ಯಾಕ ತೆಗೀತೀರಿ?"

ಸಂತೆಯಲ್ಲಿ ಸಿಕ್ಕಾಗಲೆಲ್ಲ ಮೌಲಾಲಿ ಕೇಳುತ್ತಾನೆ: "ಸಾರ್, ನನ್ನ ಗಾಜು?"

"ಕೆಲಸದ ಮ್ಯಾಲ ಅದ ಮೌಲಾಲಿ. ಇನ್ನೂ ರಜಾ ಸಿಕ್ಕಿಲ್ಲ."