ಅಪ್ಪನ ನಿದ್ದೆಗೆ ಆರು ಕೋರು

ಮಗಳ ಮನೆಯಲ್ಲಿ ಇರಬೇಕೋ ಬೇಡವೋ ಎನ್ನುವುದನ್ನು ಅಪ್ಪ ನಿದ್ದೆಗೆ ಬಿಟ್ಟುಕೊಟ್ಟಿದ್ದರು. "ಕಣ್ತುಂಬ ನಿದ್ದೆ ಬಂದ್ರೆ ಇಲ್ಲೇ ಇರ್ತೀನಿ ಪುಟ್ಟಿ. ಬರ್ಲಿಲ್ವೋ, ನಿನ್ನ ತಮ್ಮನ ಮನೆಗೆ ಹೋಗ್ತೀನಿ" ಎಂದು ಬಂದ ದಿನವೇ ಹೇಳಿದ್ದರು. ಮಗಳಿಗೆ ನಲವತ್ತು ಹತ್ತಿರವಾಗಿದ್ದರೂ ಅವರಿಗೆ ಅವಳು ಪುಟ್ಟಿಯೇ. ತಮ್ಮನ ಮನೆ ಕೆಟ್ಟದ್ದೇನಲ್ಲ, ಅವನೂ ಪ್ರೀತಿಯಿಂದಲೇ ಕರೆಯುತ್ತಿದ್ದ. ಆದರೆ ಪುಟ್ಟಿಗೆ ಅಪ್ಪ ಬೇಕು, ಅಷ್ಟೆ. ಹಟ ಎಂದರೆ ಹಟ.

ಅಪ್ಪ ಜೀವನವಿಡೀ ಹಿಟ್ಟಿನ ಗಿರಣಿ ನಡೆಸಿದವರು. ಮಂಡಿನೋವು ಜಾಸ್ತಿಯಾಗಿ ಗಿರಣಿ ಮಾರಿದ ಮೇಲೆ ನಿದ್ದೆಯೂ ಅವರನ್ನು ಬಿಟ್ಟು ಹೋಗಿತ್ತು. ಪುಟ್ಟಿ ಮೆತ್ತನೆಯ ಹಾಸಿಗೆ ಹಾಕಿದಳು, ಹಾಲು ಕಾಯಿಸಿ ಕೊಟ್ಟಳು. ಊಹೂಂ, ರಾತ್ರಿಯಿಡೀ ಮಗ್ಗುಲು ಬದಲಿಸುವುದೇ ಆಯಿತು. ಮಧ್ಯಾಹ್ನ ಮಾತ್ರ ಅವಳ ಕೆಲಸದ ಕೋಣೆಯ ಮೂಲೆಯಲ್ಲಿದ್ದ ಮಂಚದ ಮೇಲೆ ಒಂದಿಷ್ಟು ಜೋಂಪು ಹತ್ತುತ್ತಿತ್ತು.

ಆ ಕೋಣೆಯೋ, ಸದ್ದಿನ ಸಂತೆ. ಪುಟ್ಟಿ ಸಾಫ್ಟ್‌ವೇರ್ ಬರೆಯುವವಳು. ಬರೆದದ್ದನ್ನು ಕಂಪ್ಯೂಟರು ಓಡಿಸಬಲ್ಲ ರೂಪಕ್ಕೆ ತರುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಅಪ್ಪನಿಗೆ ಅವಳು ಹೇಳಿದ್ದು "ಕಾಳು ಹಾಕಿ ಹಿಟ್ಟು ಮಾಡಿದ ಹಾಗೆ" ಎಂದು. ಮೇಜಿನ ಕೆಳಗಿನ ಹಳೇ ಪೆಟ್ಟಿಗೆಯ ಪ್ರೊಸೆಸರ್‌ನಲ್ಲಿ ಎಂಟು ಕೋರುಗಳು, ಎಂದರೆ ಒಟ್ಟಿಗೆ ದುಡಿಯುವ ಎಂಟು ಆಳುಗಳು. ಎಂಟನ್ನೂ ಕೆಲಸಕ್ಕೆ ಹಚ್ಚಿದರೆ ಪೆಟ್ಟಿಗೆ ಕಾದು, ಒಳಗಿನ ಫ್ಯಾನು ಗುಂಯ್ ಎಂದು ಊರು ಒಂದು ಮಾಡುತ್ತಿತ್ತು.

ಈ ಗಲಾಟೆಯಲ್ಲೇ ಇಷ್ಟು ನಿದ್ದೆ ಬಂದರೆ, ಗಲಾಟೆ ಇಲ್ಲದಿದ್ದರೆ ಇನ್ನೆಷ್ಟು ಬರಬೇಡ! ಪುಟ್ಟಿಗೆ ತನ್ನ ಬುದ್ಧಿಗೆ ತಾನೇ ಭೇಷ್ ಎನ್ನಬೇಕೆನಿಸಿತು. ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದಳು. ಎರಡೇ ಕೋರು ದುಡಿಯಲಿ ಎಂದು ಮಿತಿ ಹಾಕಿದಳು. ಫ್ಯಾನು ಉಸಿರೆತ್ತಲಿಲ್ಲ. ಅರ್ಧ ಗಂಟೆಯ ಕೆಲಸ ಮಧ್ಯಾಹ್ನವೆಲ್ಲ ಕುಂಟಿತು. ಕುಂಟಲಿ, ಅಪ್ಪನಿಗಿಂತ ಹೆಚ್ಚೇ?

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ಬಾಗಿಲ ಬಳಿ ಅಪ್ಪನ ಚೀಲ ಕೂತಿದೆ. ಪುಟ್ಟಿ ಅದನ್ನು ಮುಟ್ಟಿ ನೋಡಿದಳು.

"ಇದೇನಪ್ಪಾ?"

"ನಿನ್ನ ತಮ್ಮನಿಗೆ ಫೋನ್ ಮಾಡಿದೀನಿ. ಸಂಜೆ ಕಾರು ತರ್ತಾನೆ." ಅಪ್ಪ ಅವಳ ಮುಖ ನೋಡಲಿಲ್ಲ.

"ನಿದ್ದೆ ಬರ್ತಿಲ್ವಾ?"

"ಇದ್ದ ಜೋಂಪೂ ಹೋಯ್ತು. ಅದು ಹಾಳಾಗ್ಲಿ ಬಿಡು. ನಿನ್ನ ಯಂತ್ರ ಮೊದ್ಲು ಗುಂಯ್ ಅಂತಿತ್ತು, ಈಗ ಬಾಯೇ ಬಿಡಲ್ಲ. ಮುದುಕ ಮಲಗಿದಾನೆ ಅಂತ ನಿಲ್ಸಿಬಿಟ್ಟಿದೀಯ, ನಂಗೆ ಗೊತ್ತಾಗಲ್ವಾ? ನಡೆಯೋ ಗಿರಣೀನ ನಂಗೋಸ್ಕರ ನಿಲ್ಲಿಸ್ಬೇಡ ಕಣೇ." ಮಂಚದ ಅಂಚಿಗೆ ಕೂತು ಮತ್ತೆ ಹೇಳಿದರು: "ಗಿರಣಿಲಿ ಮೂಟೆ ಮೇಲೆ ಮಲಗ್ತಿದ್ದೆ. ಅದು ಓಡೋವರೆಗೂ ಗೊರಕೆ. ಬೆಲ್ಟಿನ ಸದ್ದು ನಿಂತ್ರೆ ಸಾಕು, ದಡಕ್ಕನೆ ಎದ್ದು ಕೂರ್ತಿದ್ದೆ. ಈಗ್ಲೂ ಹಾಗೇ. ಸದ್ದಿಲ್ಲ ಅಂದ್ರೆ ಏನೋ ಕೆಟ್ಟೋಗಿದೆ ಅನ್ಸುತ್ತೆ."

ಪುಟ್ಟಿ ಹಣೆ ಚಚ್ಚಿಕೊಂಡಳು. ನಗುವೂ ಬಂತು, ಅಳುವೂ ಬಂತು. ಗಿರಣಿಯವರ ಮಗಳಾಗಿ ಇಷ್ಟು ಹೊಳೆಯಬೇಡವೇ!

"ನಿಲ್ಸಿಲ್ಲ ಅಪ್ಪಾ, ನಿಧಾನ ಮಾಡಿದೀನಿ. ನೀನು ಮಲಗ್ಲಿ ಅಂತ. ಸಂಜೆವರೆಗೂ ಹೊತ್ತಿದೆಯಲ್ಲ, ಸುಮ್ನೆ ಮಲಕ್ಕೋ."

ಮಿತಿಯನ್ನು ಕಿತ್ತುಹಾಕಿ ಎಂಟೂ ಕೋರುಗಳನ್ನು ಕೆಲಸಕ್ಕೆ ಹಚ್ಚಿದಳು. ಫ್ಯಾನು ಗುಂಯ್ ಎಂದಿತು, ಅಪ್ಪನ ಕಣ್ಣು ಮುಚ್ಚಿತು. ಆದರೆ ಕಿಟಕಿ ಮುಚ್ಚಿತ್ತಲ್ಲ, ಗಾಳಿಯಿಲ್ಲದೆ ಪೆಟ್ಟಿಗೆ ಮಿತಿಮೀರಿ ಕಾದು ಟಪ್ಪನೆ ಬಂದಾಯಿತು.

ಅಪ್ಪ ದಡಕ್ಕನೆ ಎದ್ದು ಕೂತರು. "ಬೆಲ್ಟ್ ಹರೀತಾ?"

"ಏನೂ ಹರಿದಿಲ್ಲ, ಮಲಕ್ಕೋ ನನ್ನಪ್ಪ!"

ಕಾದ ಪೆಟ್ಟಿಗೆಗೆ ಈಗ ಎಂಟೂ ಹಚ್ಚಿದರೆ ಮತ್ತೆ ಬಂದಾದೀತು, ಎರಡಾದರೆ ಸದ್ದೇ ಇಲ್ಲ. ಕಿಟಕಿ ತೆರೆದು, ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿ, ಮಿತಿಯನ್ನು ಆರಕ್ಕೆ ಇಟ್ಟಳು. ಫ್ಯಾನು ಈ ಸಲ ಕಿರುಚಲಿಲ್ಲ, ಒಂದೇ ಹದದಲ್ಲಿ ಗುನುಗಿತು. ಅಪ್ಪನ ಬಾಯಿ ಅರೆ ತೆರೆದು ಗೊರಕೆ ಹೊರಟಿತು. ಎಂಥ ಗೊರಕೆ ಅಂತೀರಿ! ಪುಟ್ಟಿ ಕುರ್ಚಿಯಲ್ಲಿ ಅಲುಗಾಡದೆ ಕೂತು ಕೇಳಿದಳು.

ಅಷ್ಟರಲ್ಲಿ ಕಂಪೈಲ್ ಮುಗಿಯಿತು. ಫ್ಯಾನು ಇಳಿಯತೊಡಗಿತು, ಅಪ್ಪನ ರೆಪ್ಪೆ ಅಲುಗಿತು. ಪುಟ್ಟಿ ಹಿಂದುಮುಂದು ನೋಡಲಿಲ್ಲ. ಸಿದ್ಧವಾದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಮತ್ತೆ ಹಚ್ಚಿದಳು. ಮುಗಿಯಿತು, ಮತ್ತೆ ಅಳಿಸಿದಳು, ಮತ್ತೆ ಹಚ್ಚಿದಳು. ಕಚೇರಿಯವರು ನೋಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಕಾರಿನ ಹಾರನ್ನಿಗೂ ಅಪ್ಪ ಏಳಲಿಲ್ಲ. ಒಳಗೆ ಬಂದ ತಮ್ಮ ಮಂಚ ನೋಡಿದ, ಅಕ್ಕನನ್ನು ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವನು ಕಳ್ಳಹೆಜ್ಜೆ ಹಾಕುತ್ತ ಹೋಗಿ ಹೊರಗೆ ಕೂತ.

ಕತ್ತಲಾಗುವ ಹೊತ್ತಿಗೆ ಅಪ್ಪ ಎದ್ದು ಮೈಮುರಿದರು. "ಇಷ್ಟು ಹೊತ್ತೂ ಕೆಲಸ ಇತ್ತೇನೇ ನಿಂಗೆ?"

"ಬೇಕಾದಷ್ಟಿತ್ತಪ್ಪ. ನಾಳೆನೂ ಇದೆ, ನಾಡಿದ್ದೂ ಇದೆ."

ಅಪ್ಪ ಬಗ್ಗಿ, ಬೆಚ್ಚಗಿದ್ದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಮಗಳ ಮುಖ ನೋಡಿದರು.

"ಸುಳ್ಳುಬುರುಕಿ" ಎಂದರು. ಚೀಲ ಬಿಚ್ಚಿ ಟವೆಲ್ ತೆಗೆದು, ಮುಖ ತೊಳೆದು ಬಂದು, ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.